ಜಮ್ನಾ ಮೋರಿಯ ಪಾಠ



ಕೆಲವು ಶಬ್ದಗಳ ಚರಿತ್ರೆಯಲ್ಲಿ ಒಂದು ಊರಿನ ಚರಿತ್ರೆಯೇ ಅಡಗಿರುತ್ತದೆ. ಇಂದು ‘ಮೋರಿ’ ಎಂದೊಡನೆ ನಾವು ಮೂಗು ಮುಚ್ಚಿಕೊಳ್ಳುತ್ತೇವೆ. ಬಚ್ಚಲ ನೀರು ಹರಿಯುವ ಗಟಾರವೆಂಬುದೇ ಅದಕ್ಕೆ ಉಳಿದಿರುವ ಅರ್ಥ. ಆದರೆ ಬೀದರಿನ ಹಳೆಯ ಊರಿನಲ್ಲಿ ‘ಜಮ್ನಾ ಮೋರಿ’ ಎಂಬ ಹೆಸರೊಂದು ಉಳಿದುಬಂದಿದೆ. ಅದು ಕೊಳೆನೀರಿನ ಗಟಾರದ ಹೆಸರಲ್ಲ. ನೆಲದೊಳಗಿನ ಸಿಹಿನೀರನ್ನು ಓಣಿ ಓಣಿಗೆ ಹಂಚುವುದಕ್ಕೆಂದು ಹಿಂದಿನವರು ನಿರ್ಮಿಸಿದ ಕಾಲುವೆಗಳ ಜಾಲ ಅದು. ಒಂದು ಕಾಲದಲ್ಲಿ ಕುಡಿಯುವ ನೀರನ್ನು ಹೊತ್ತು ತರುತ್ತಿದ್ದ ಶಬ್ದ ಇಂದು ಹೊಲಸನ್ನು ಹೊತ್ತು ಸಾಗುತ್ತಿದೆ. ಶಬ್ದವೇನೋ ಬಡಪಾಯಿ, ನಾವು ಹೊರಿಸಿದ್ದನ್ನು ಅದು ಹೊತ್ತಿತು. ಆದರೆ ಅದರ ಅರ್ಥ ಬದಲಾಗುವಷ್ಟರಲ್ಲಿ ನೀರಿನೊಂದಿಗೆ ನಮಗಿದ್ದ ಸಂಬಂಧವೂ ಬದಲಾಯಿತು. ಆ ಬದಲಾವಣೆಯ ಕುರಿತು, ಅದನ್ನು ಸರಿಪಡಿಸುವ ಒಂದು ದಾರಿಯ ಕುರಿತು ನಾನು ಈಗ ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಬೀದರ್ ದಿಬ್ಬದ ಮೇಲಿನ ಊರು. ಸಮುದ್ರಮಟ್ಟದಿಂದ ಸುಮಾರು 2,200 ಅಡಿ ಎತ್ತರದ ಪ್ರಸ್ಥಭೂಮಿ. ಮೇಲೆ ಜಂಬಿಟ್ಟಿಗೆಯ ಹೊದಿಕೆ, ಅದರಡಿ ಜಿಗುಟಾದ ಜೇಡಿಯ ಪದರ, ಅದಕ್ಕೂ ಕೆಳಗೆ ದಖ್ಖನಿನ ಕಪ್ಪು ಶಿಲೆ. ಜಂಬಿಟ್ಟಿಗೆ ಮೈತುಂಬ ರಂಧ್ರಗಳಿರುವ ಕಲ್ಲು. ಬಿದ್ದ ಮಳೆಯನ್ನು ಹೀರಿಕೊಳ್ಳುವುದು ಅದರ ಗುಣ. ಹೀರಿದ ನೀರು ಜೇಡಿಯ ಮೇಲೆ ತಡೆದು ನಿಂತು, ಪಕ್ಕಕ್ಕೆ ಸರಿದು, ದಿಬ್ಬದ ಅಂಚಿನಲ್ಲಿ ದಾರಿ ಸಿಕ್ಕ ಕಡೆ ಝರಿಯಾಗಿ ಹೊರಬೀಳುತ್ತದೆ. ಗುರುನಾನಕರ ಹೆಸರಿನ ಝೀರಾ ಇಂಥ ಸೆಲೆ. ಭಕ್ತರು ಗುಹೆಯೊಳಗಿನ ನೀರಿನಲ್ಲೇ ನಡೆದು ದರ್ಶನ ಪಡೆಯುವ ಪದ್ಧತಿಯಿರುವ ನರಸಿಂಹ ಝರಣಿಯೂ ಇದೇ ಬಂಡೆಯ ಕೊಡುಗೆ. ಹದಿನೈದನೆಯ ಶತಮಾನದಲ್ಲಿ ಬಹಮನಿ ಸುಲ್ತಾನರು ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದಾಗ, ಇರಾನಿನ ಕಡೆಯಿಂದ ಬಂದ ‘ಕರೇಜ್’ ವಿದ್ಯೆಯಿಂದ ತೋಡಿಸಿದ ಸುರಂಗ ಬಾವಿಗಳೂ ಈ ನೀರನ್ನೇ ನೆಚ್ಚಿದವು. ನಾನಕರ ಭಕ್ತ, ನರಸಿಂಹನ ಭಕ್ತ, ಸುಲ್ತಾನನ ಪ್ರಜೆ ಎಲ್ಲರಿಗೂ ನೀರು ಕೊಟ್ಟ ಕಲ್ಲು ಒಂದೇ.

ಕರೇಜಿನ ಕ್ರಮ ಸರಳ, ಆದರೆ ಅದರ ಹಿಂದಿನ ತಿಳಿವಳಿಕೆ ಸಾಮಾನ್ಯವಾದುದಲ್ಲ. ಎತ್ತರದ ಜಾಗದಲ್ಲಿ ಅಂತರ್ಜಲ ಮುಟ್ಟುವಂತೆ ಒಂದು ತಾಯಿಬಾವಿ. ಅಲ್ಲಿಂದ ಊರಿನ ಕಡೆಗೆ ಬಲು ನಸು ಇಳಿಜಾರಿನಲ್ಲಿ ಸಾಗುವ ಸುರಂಗ. ಗಾಳಿಗೂ ಹೂಳು ತೆಗೆಯುವುದಕ್ಕೂ ನಡುನಡುವೆ ನೆಟ್ಟಗಿನ ಕಿಂಡಿಬಾವಿಗಳು. ಎತ್ತುವ ಯಂತ್ರವಿಲ್ಲ, ಎಳೆಯುವ ಎತ್ತಿಲ್ಲ. ಇಳಿಜಾರೇ ನೀರನ್ನು ನಡೆಸುತ್ತದೆ. ನೌಬಾದಿನ ಕರೇಜ್ ಇವುಗಳಲ್ಲಿ ಹೆಚ್ಚು ಪ್ರಸಿದ್ಧವಾದುದು. ಹೂಳು ತುಂಬಿದ್ದ ಅದರ ಕಿಂಡಿಗಳನ್ನು 2010ರ ದಶಕದಲ್ಲಿ ತೆರವುಗೊಳಿಸಲಾಯಿತು. ಶುಕ್ಲತೀರ್ಥವೆಂಬ ಇನ್ನೊಂದು ಕರೇಜಿನ ತಾಯಿಬಾವಿ ಇರುವುದು ಗೋರನಳ್ಳಿ ಕೆರೆಯ ಸಮೀಪ. ಇದನ್ನು ದಯವಿಟ್ಟು ಗಮನಿಸಬೇಕು. ಕೆರೆಯಲ್ಲಿ ನಿಂತ ಮಳೆ ನೆಲಕ್ಕಿಳಿದು, ನೆಲದ ನೀರು ಬಾವಿಗೆ ಬಂದು, ಬಾವಿಯ ನೀರು ಸುರಂಗದಲ್ಲಿ ಹರಿಯುತ್ತಿತ್ತು. ಕೆರೆ, ನೆಲ, ಬಾವಿ, ಸುರಂಗ ಎಲ್ಲವನ್ನೂ ಒಂದೇ ಸಂಸಾರವೆಂದು ಭಾವಿಸಿದವರು ಮಾತ್ರ ಇಂಥದನ್ನು ಕಟ್ಟಬಲ್ಲರು.

ಈಗ ಆ ಸಂಸಾರ ಒಡೆದು ಬೇರೆ ಬೇರೆಯಾಗಿದೆ. ನೀರನ್ನು ದೂರದ ಕಾರಂಜಾ ಜಲಾಶಯದಿಂದಲೂ ಮಾಂಜ್ರಾ ನದಿಯಿಂದಲೂ ಕೊಳವೆಯಲ್ಲಿ ಮೇಲಕ್ಕೇರಿಸಿ ತರುತ್ತೇವೆ. ಬಳಸಿದ ಮೇಲೆ ಅದು ಎತ್ತ ಹೋಯಿತೆಂದು ಕೇಳುವುದಿಲ್ಲ. ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಒಳಚರಂಡಿಯಿರುವ ಊರಿನಲ್ಲಿ ತಲೆಗೆ ದಿನಕ್ಕೆ 135 ಲೀಟರ್ ನೀರು ಸಿಗಬೇಕೆಂಬುದು ನಮ್ಮ ದೇಶದ ಇಂಜಿನಿಯರುಗಳು ಅನುಸರಿಸುವ ಮಾನದಂಡ. ಅದರಲ್ಲಿ ನೂರಕ್ಕೆ 80 ಭಾಗ ಕೊಳೆನೀರಾಗಿ ಹಿಂತಿರುಗುತ್ತದೆಂದು ಅವರ ಎಣಿಕೆ. ಎಂದರೆ ಒಬ್ಬರಿಗೆ 108 ಲೀಟರ್. 2011ರ ಜನಗಣತಿಯಲ್ಲಿ ಬೀದರಿನ ಜನಸಂಖ್ಯೆ 2 ಲಕ್ಷ 16 ಸಾವಿರದಷ್ಟಿತ್ತು. ಮಾನದಂಡದಂತೆ ನೀರು ಕೊಟ್ಟರೆ ಅಷ್ಟು ಜನರಿಂದ ದಿನಕ್ಕೆ ಸುಮಾರು 2 ಕೋಟಿ 30 ಲಕ್ಷ ಲೀಟರ್ ಕೊಳೆನೀರು. ಮನೆಮನೆಗೆ ಹೆಚ್ಚು ನೀರು ತರುವ ಪ್ರತಿಯೊಂದು ಯೋಜನೆಯೂ ಹೆಚ್ಚು ಕೊಳೆನೀರು ತರುವ ಯೋಜನೆಯೇ. ನಲ್ಲಿಯ ಉದ್ಘಾಟನೆಗೆ ಹಾರ ತುರಾಯಿಗಳುಂಟು. ಗಟಾರದ ಉದ್ಘಾಟನೆಯನ್ನು ಯಾರೂ ಇಟ್ಟುಕೊಳ್ಳುವುದಿಲ್ಲ.

ಬೇಸಿಗೆಯಲ್ಲಿ ಈ ಕೊಳೆನೀರು ಹೇಗೋ ಸಾಗುತ್ತದೆ. ಕಷ್ಟವೆಲ್ಲ ಬರುವುದು ಮಳೆಗಾಲದಲ್ಲಿ. ಕಾಗದದ ಮೇಲೆ ಮಳೆನೀರಿಗೊಂದು ಗಟಾರ, ಮನೆಯ ಕೊಳೆನೀರಿಗೊಂದು ಒಳಚರಂಡಿ, ಎರಡೂ ಬೇರೆ ಬೇರೆ. ಬೀದಿಯಲ್ಲಿ ಹಾಗಿರುವುದಿಲ್ಲ. ಒಳಚರಂಡಿ ಮುಟ್ಟದ ಮನೆಯ ಬಚ್ಚಲ ನೀರು ಮಳೆಯ ಗಟಾರಕ್ಕೆ ಬೀಳುತ್ತದೆ. ಒಳಚರಂಡಿ ಇರುವ ಮನೆಯ ಮಾಳಿಗೆಯ ನೀರು ಒಳಚರಂಡಿಗೆ ಇಳಿಯುತ್ತದೆ. 30 ಅಡಿಗೆ 40 ಅಡಿ ನಿವೇಶನವನ್ನು ಪೂರ್ತಿ ಆವರಿಸಿದ ಒಂದು ಮಾಳಿಗೆಯನ್ನು ತೆಗೆದುಕೊಳ್ಳಿ. ಒಂದು ಗಂಟೆಯಲ್ಲಿ 20 ಮಿಲಿಮೀಟರ್ ಮಳೆ ಬಿದ್ದರೆ ಅದರಿಂದ ಸುಮಾರು 2,200 ಲೀಟರ್ ನೀರು ಇಳಿಯುತ್ತದೆ. ಐದು ಜನರ ಆ ಮನೆಯ ಇಡೀ ದಿನದ ಕೊಳೆನೀರು 540 ಲೀಟರ್. ಇಡೀ ದಿನದ ನಾಲ್ಕು ಪಟ್ಟು ನೀರನ್ನು ಮಳೆ ಒಂದೇ ಗಂಟೆಯಲ್ಲಿ ಕೊಳವೆಗೆ ತುರುಕಿದಂತಾಯಿತು. ಕೊಳವೆಯನ್ನು ಕಟ್ಟಿದವರು ಸರಾಸರಿ ಹರಿವಿನ ಎರಡು ಮೂರು ಪಟ್ಟನ್ನು ತಡೆಯುವಂತೆ ಕಟ್ಟಿರುತ್ತಾರೆ. ಮಾಳಿಗೆಗಳ ಪ್ರವಾಹವನ್ನು ಅದು ತಡೆಯಲಾರದು. ಆಗ ಮ್ಯಾನ್‌ಹೋಲಿನ ಮುಚ್ಚಳ ತಾನಾಗಿ ಮೇಲೇಳುತ್ತದೆ. ಒಳಗಿದ್ದುದು ಬೀದಿಗೆ, ಬೀದಿಯದು ತಗ್ಗಿನ ಮನೆಗೆ, ಅಲ್ಲಿಂದ ಹಳ್ಳಕ್ಕೆ, ಹಳ್ಳದಿಂದ ನದಿಗೆ.

ಇದರಲ್ಲಿ ಇನ್ನೊಂದು ಸೂಕ್ಷ್ಮವುಂಟು. ನಾಲ್ಕಾರು ತಿಂಗಳ ಧೂಳು, ಸಗಣಿ, ವಾಹನಗಳ ಎಣ್ಣೆ, ಗಟಾರದ ತಳದಲ್ಲಿ ಕುಳಿತ ಕೆಸರು ಇವನ್ನೆಲ್ಲ ಮುಂಗಾರಿನ ಮೊದಲ ಮಳೆ ಒಮ್ಮೆಗೇ ಗುಡಿಸಿ ಒಯ್ಯುತ್ತದೆ. ರೈತನಿಗೆ ಹರುಷ ತರುವ ಮೃಗಶಿರೆಯ ಮಳೆ ನದಿಯ ಮೀನಿಗೆ ಮೃತ್ಯುವಾಗಬಲ್ಲುದು. ಮನುಷ್ಯನಿಗೂ ಅದು ಕ್ಷೇಮವಲ್ಲ. ಕರುಳುಬೇನೆ, ಕಾಮಾಲೆ, ವಿಷಮಶೀತ ಜ್ವರಗಳು ಮಳೆಗಾಲದಲ್ಲಿ ಹೆಚ್ಚುವುದಕ್ಕೆ ಕಾರಣ ಮಳೆಯಲ್ಲ, ಮಳೆಯೊಂದಿಗೆ ಬೆರೆತ ಮಲ. ಕಟ್ಟಿಕೊಂಡ ಗುಂಡಿಗೆ ಮನುಷ್ಯನನ್ನು ಇಳಿಸುವುದನ್ನು 2013ರ ಕಾಯಿದೆ ನಿಷೇಧಿಸಿದೆ. ಆದರೂ ದೇಶದಲ್ಲಿ ಆ ಸಾವುಗಳು ನಿಂತಿಲ್ಲ. ನಮ್ಮ ಮಾಳಿಗೆಯ ನೀರು ತಪ್ಪು ಕೊಳವೆಗೆ ಇಳಿದಾಗ ಅದರ ಬೆಲೆಯನ್ನು ಮೊದಲು ತೆರುವವರು ತಗ್ಗಿನ ಮನೆಯವರು, ಆಮೇಲೆ ಗುಂಡಿ ತೆರೆಯಲು ಬರುವ ಪೌರಕಾರ್ಮಿಕರು.

ಈ ಕಷ್ಟ ನಮಗೊಬ್ಬರಿಗೇ ಬಂದುದಲ್ಲ. 1858ರ ಬೇಸಿಗೆಯಲ್ಲಿ ಲಂಡನ್ನಿನ ಥೇಮ್ಸ್ ನದಿ ಎಷ್ಟು ನಾರಿತೆಂದರೆ, ನದಿಯ ದಂಡೆಯ ಸಂಸತ್ ಭವನದ ಪರದೆಗಳನ್ನು ಸುಣ್ಣದ ರಾಸಾಯನಿಕದಲ್ಲಿ ಅದ್ದಿ ತೂಗುಹಾಕಬೇಕಾಯಿತು. ಬ್ಯಾಜಲ್ಗೆಟ್ ಎಂಬ ಇಂಜಿನಿಯರು ಬಳಿಕ ಕಟ್ಟಿದ ಮಹಾಚರಂಡಿಗಳು ಊರನ್ನು ಕಾಲರಾದಿಂದ ಕಾಪಾಡಿದವು. ಆದರೆ ಮಳೆನೀರಿಗೂ ಕೊಳೆನೀರಿಗೂ ಅಲ್ಲಿ ಒಂದೇ ದಾರಿ. ತುಂಬಿದಾಗ ನದಿಗೆ ಉಕ್ಕಿಸುವುದೇ ಉಪಾಯ. ಆ ಉಕ್ಕನ್ನು ಹಿಡಿಯಲು ಅವರು ನೂರೈವತ್ತು ವರ್ಷಗಳ ಮೇಲೆ ಮತ್ತೆ 25 ಕಿಲೋಮೀಟರ್ ಉದ್ದದ ಸುರಂಗ ಕೊರೆಯಬೇಕಾಯಿತು. ಅದು ಪೂರ್ಣಗೊಂಡುದು 2025ರಲ್ಲಿ. ಅಮೆರಿಕದ ಫಿಲಡೆಲ್ಫಿಯಾ ನಗರದ ಚರಂಡಿಗಳಲ್ಲೂ ಬಹುಪಾಲು ಇಂಥ ಜೋಡುಚರಂಡಿಗಳೇ. ಆದರೆ 2011ರಲ್ಲಿ ಆ ನಗರ ಬೇರೆ ದಾರಿ ಹಿಡಿದು 25 ವರ್ಷಗಳ ಯೋಜನೆಯೊಂದನ್ನು ಕೈಗೊಂಡಿತು. ಕೊಳವೆಯ ತುದಿಯಲ್ಲಿ ನೀರನ್ನು ಹಿಡಿಯುವ ಬದಲು, ಮಳೆ ಬಿದ್ದಲ್ಲಿಯೇ ಅದನ್ನು ತಡೆಯುವುದು. ಬೀದಿಯ ಪಕ್ಕದ ಮರದ ಪಾತಿ, ಉದ್ಯಾನದ ತಗ್ಗು, ನೀರು ಇಂಗುವ ನೆಲಹಾಸು, ಮಾಳಿಗೆಯ ಮೇಲಿನ ಹಸಿರು ಇವುಗಳ ಮೂಲಕ ಮಳೆಯ ವೇಗವನ್ನು ಕಳೆಯುವುದು. ಊರನ್ನು ವಾರ್ಡುಗಳಾಗಿ ಅಲ್ಲ, ನೀರು ಹರಿಯುವ ಇಳಿಜಾರುಗಳಾಗಿ ನೋಡುವ ದೃಷ್ಟಿ ಅದು.

ಈ ದೃಷ್ಟಿಗೆ ಕನ್ನಡದಲ್ಲಿ ಶಬ್ದವನ್ನು ಹೊಸದಾಗಿ ಹುಡುಕಬೇಕಾಗಿಲ್ಲ. ‘ಜಲಾನಯನ’ ನಮ್ಮ ರೈತರಿಗೆಲ್ಲ ಗೊತ್ತಿರುವ ಮಾತು. ಒಂದು ಹಳ್ಳಕ್ಕೆ ನೀರು ಕೊಡುವ ನೆಲವೆಲ್ಲ ಆ ಹಳ್ಳದ ಜಲಾನಯನ. ಬದು ಹಾಕಿ, ಹಳ್ಳಕ್ಕೆ ಅಲ್ಲಲ್ಲಿ ಅಡ್ಡಗಟ್ಟೆ ಕಟ್ಟಿ, ಕೃಷಿಹೊಂಡ ತೋಡಿ, ಓಡುವ ನೀರನ್ನು ನಡೆಯುವಂತೆ, ನಡೆಯುವುದನ್ನು ನಿಲ್ಲುವಂತೆ, ನಿಂತುದನ್ನು ಇಂಗುವಂತೆ ಮಾಡುವ ಕ್ರಮ ಅದು. 2012ರ ನಂತರ ನಡೆದ ಸುಜಲ ಯೋಜನೆಯ ಮೂರನೆಯ ಹಂತದಲ್ಲಿ ಬೀದರ್ ಜಿಲ್ಲೆಯೂ ಸೇರಿತ್ತು. ಔರಾದಿನ ಒಣಬೇಸಾಯಗಾರನಿಗೆ ನೀರು ಮೇಲಿನ ಹೊಲದಿಂದ ಕೆಳಗಿನ ಹೊಲಕ್ಕೆ ಬರುತ್ತದೆಂಬುದು ಹೇಳಿಕೊಡಬೇಕಾದ ವಿಷಯವಲ್ಲ. ಮೇಲಿನವನು ಬದು ಒಡೆದರೆ ಕೆಳಗಿನವನು ಜಗಳಕ್ಕೆ ಬರುತ್ತಾನೆ. ಆ ಜಗಳದಲ್ಲಿ ಒಂದು ನ್ಯಾಯವಿದೆ. ಊರಿನವರಾದ ನಾವು ಮಾತ್ರ ಜಲಾನಯನವೆಂದರೆ ಹೊಲದ ಸಂಗತಿಯೆಂದು ತಿಳಿದು ಕುಳಿತಿದ್ದೇವೆ. ಡಾಂಬರು ಬೀದಿಗೂ ಇಳಿಜಾರುಂಟು. ಸಿಮೆಂಟಿನ ಅಂಗಳವೂ ಒಂದು ಹಳ್ಳದ ತಲೆಯೇ.

ಬೀದರಿನ ಮಟ್ಟಿಗೆ ಈ ಕ್ರಮವೆಂದರೇನು? ಮೊದಲನೆಯದು, ನೀರಿನ ನಕ್ಷೆ. ದಿಬ್ಬದ ಮೇಲಿನ ಊರಾದುದರಿಂದ ಬೀದರಿಗೆ ಹಲವು ಇಳಿಜಾರುಗಳು. ಒಂದೊಂದು ಓಣಿಯ ನೀರು ಒಂದೊಂದು ಕಡೆಗೆ ಇಳಿಯುತ್ತದೆ. ಯಾವ ಇಳಿಜಾರಿನಲ್ಲಿ ಎಷ್ಟು ಮನೆ, ಎಷ್ಟು ಆಸ್ಪತ್ರೆ, ಎಷ್ಟು ವಾಹನ ತೊಳೆಯುವ ಅಂಗಡಿ, ಯಾವ ಕೆರೆ, ಯಾವ ಝರಿ ಎಂಬುದನ್ನು ಗುರುತಿಸದೆ ಕೊಳವೆ ಹೂಳುವುದು ರೋಗಿಯನ್ನು ನೋಡದೆ ಔಷಧ ಕೊಟ್ಟಂತೆ. ಎರಡನೆಯದು, ಮಾಳಿಗೆಯ ನೀರನ್ನು ಒಳಚರಂಡಿಯಿಂದ ಬಿಡಿಸುವುದು. ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 850 ಮಿಲಿಮೀಟರ್ ಮಳೆ ಬೀಳುತ್ತದೆ. ಮಾಳಿಗೆಯಿಂದ ಇಳಿದ ತಿಳಿನೀರನ್ನು ಮರಳು ಜಲ್ಲಿಗಳ ಮೂಲಕ ಸೋಸಿ ಬಾವಿಗೋ ತೊಟ್ಟಿಗೋ ಬಿಟ್ಟರೆ ಕೊಳವೆಯ ಹೊರೆ ಇಳಿದೀತು, ಬಾವಿಯ ನೀರೂ ಏರೀತು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕು. ಇಂಗಿಸುವುದೆಲ್ಲ ಪುಣ್ಯವಲ್ಲ. ಜಂಬಿಟ್ಟಿಗೆ ತಿಳಿನೀರು ಯಾವುದು, ಕೊಳೆನೀರು ಯಾವುದು ಎಂದು ಕೇಳುವುದಿಲ್ಲ. ಎರಡನ್ನೂ ಒಂದೇ ಆತುರದಿಂದ ಒಳಕ್ಕೆ ಬಿಟ್ಟುಕೊಳ್ಳುತ್ತದೆ. ಶೌಚದ ಗುಂಡಿಯ ನೀರು ಅದರ ರಂಧ್ರಗಳಲ್ಲಿ ಬೇಗ ಸಾಗಿ ಪಕ್ಕದ ಬಾವಿಯನ್ನು ಸೇರಬಲ್ಲುದು. ಅದೇ ಗುಂಡಿ ಭಾಲ್ಕಿ, ಔರಾದುಗಳ ಎರೆಭೂಮಿಯಲ್ಲಿ ಬೇರೆ ರೀತಿ ಕೆಡುತ್ತದೆ. ಎರೆಮಣ್ಣು ನೆನೆದು ಉಬ್ಬಿದ ಮೇಲೆ ನೀರನ್ನು ಹೀರುವುದಿಲ್ಲ. ಮಳೆಗಾಲದಲ್ಲಿ ಇಂಗುಗುಂಡಿ ತುಂಬಿ ಅಂಗಳಕ್ಕೆ ಉಕ್ಕುತ್ತದೆ. ಒಂದೇ ಜಿಲ್ಲೆ, ಒಂದೇ ಬಗೆಯ ಗುಂಡಿ; ಒಂದು ಕಡೆ ನೆಲ ಅತಿಯಾಗಿ ಕುಡಿದು ಕೆಡುಕು, ಇನ್ನೊಂದು ಕಡೆ ಕುಡಿಯಲೊಲ್ಲದೆ ಕೆಡುಕು. ರಾಜಧಾನಿಯಲ್ಲಿ ತಯಾರಾದ ಒಂದೇ ನಕಾಶೆಯನ್ನು ಎಲ್ಲ ಊರುಗಳಿಗೂ ಅಂಟಿಸಲಾಗದು. ಮಣ್ಣನ್ನು ಕೇಳಿ ಮಾಡಬೇಕಾದ ಕೆಲಸ ಇದು. ಕೋಟೆಯ ಮಣ್ಣಿನ ಗುಣ ಬಲ್ಲವರಾದುದರಿಂದಲೇ ಬಿದರಿಯ ಕುಶಲಿಗರು ಲೋಹಕ್ಕೆ ಆ ಮಾಸದ ಕಪ್ಪನ್ನು ಕೊಡಬಲ್ಲರು. ಮಣ್ಣಿನ ವಿಷಯದಲ್ಲಿ ಅಷ್ಟು ವಿವೇಕ ನಮ್ಮ ನಗರ ಯೋಜನೆಗೂ ಬೇಡವೆ?

ಭಾಲ್ಕಿಯ ಜನಸಂಖ್ಯೆ 2011ರಲ್ಲಿ 40 ಸಾವಿರದಷ್ಟು, ಔರಾದಿನದು 20 ಸಾವಿರದಷ್ಟು. ಇಂಥ ಊರುಗಳಿಗೆ ದೊಡ್ಡ ನಗರದ ಒಳಚರಂಡಿಯನ್ನೇ ತಂದು ಹೂಳುವುದು ವೆಚ್ಚದ ಕೆಲಸ. ಹೂತ ಮೇಲೆ ಅದನ್ನು ನಡೆಸುವುದು ಇನ್ನೂ ವೆಚ್ಚದ್ದು. ಬೆಂಗಳೂರಿನ ಹತ್ತಿರದ ದೇವನಹಳ್ಳಿಯಲ್ಲಿ 2015ರಲ್ಲಿ ಬೇರೊಂದು ದಾರಿಯನ್ನು ಪ್ರಯೋಗಿಸಲಾಯಿತು. ಮನೆಗಳ ಗುಂಡಿಯಿಂದ ಸಕ್ಕಿಂಗ್ ಯಂತ್ರದ ವಾಹನ ತುಂಬಿಕೊಂಡು ಬಂದುದನ್ನು ಹಳ್ಳಕ್ಕೋ ಹೊಲಕ್ಕೋ ಸುರಿಯದೆ, ಊರಿನದೇ ಒಂದು ಘಟಕಕ್ಕೆ ತಂದು, ಕೊಳೆಯಿಸಿ, ಒಣಗಿಸಿ, ಗೊಬ್ಬರವಾಗಿಸುವ ವ್ಯವಸ್ಥೆ ಅದು. ಸಣ್ಣ ಊರಿಗೆ ಇದು ಹೊಂದುವ ಕ್ರಮ. ಬಚ್ಚಲಿನ ನೀರಿಗೆ ಊರಾಚೆ ಜೊಂಡಿನ ಪಾತಿಗಳನ್ನು ಕಟ್ಟಬಹುದು. ಜಲ್ಲಿಯ ಹಾಸಿನಲ್ಲಿ ಬೆಳೆದ ಜೊಂಡಿನ ಬೇರುಗಳ ಸುತ್ತ ಕೋಟ್ಯಂತರ ಸೂಕ್ಷ್ಮಜೀವಿಗಳು ವಾಸಿಸುತ್ತವೆ. ನಿಧಾನವಾಗಿ ಹರಿಯುವ ನೀರಿನ ಕೊಳೆಯನ್ನು ತಿಂದು ಅದನ್ನು ತಿಳಿಗೊಳಿಸುತ್ತವೆ. ಬರಕ್ಕೆ ಹೆಸರಾದ ಸೀಮೆಯಲ್ಲಿ ಹಾಗೆ ತಿಳಿಯಾದ ನೀರು ಮರಗಳಿಗೆ, ಮೇವಿಗೆ ಒದಗಿದರೆ ಅದೇನು ಸಣ್ಣ ಲಾಭವೆ?

ಕೆಲವರು ಕೇಳಬಹುದು: ಹಾಗಾದರೆ ಕೊಳವೆ, ಶುದ್ಧೀಕರಣ ಘಟಕ ಬೇಡವೆ? ಬೇಕೇ ಬೇಕು. ಎರಡು ಲಕ್ಷ ಜನರ ಕೊಳೆಯನ್ನು ಮರದ ಪಾತಿಗಳು ತೊಳೆಯಲಾರವು. ಆದರೆ ಘಟಕಕ್ಕೆ ಬರುವ ನೀರನ್ನು ಹಿಡಿತದಲ್ಲಿಡದೆ ಘಟಕವನ್ನಷ್ಟೇ ಕಟ್ಟಿದರೆ, ಮಳೆಯ ದಿನ ಅದು ಮುಳುಗುತ್ತದೆ, ಮಳೆಯಿಲ್ಲದ ದಿನ ಮನೆಗಳ ಸಂಪರ್ಕವಿಲ್ಲದೆ ಹಸಿಯುತ್ತದೆ. ಬೆಂಗಳೂರಿಗೆ ಹಣದ ಕೊರತೆಯಿರಲಿಲ್ಲ, ತಜ್ಞರ ಕೊರತೆಯೂ ಇರಲಿಲ್ಲ. ಆದರೂ 2017ರಲ್ಲಿ ಬೆಳ್ಳಂದೂರು ಕೆರೆಯ ಅಂಗಳಕ್ಕೆ ಬೆಂಕಿ ಹತ್ತಿಕೊಂಡಿತು. ಇಳಿಜಾರಿನ ಮೇಲೆ ನಡೆದುದೆಲ್ಲ ತಗ್ಗಿನಲ್ಲಿ ಬಂದು ಕೂಡುತ್ತದೆಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಅದೇ ಬೆಂಗಳೂರಿನ ಸಂಸ್ಕರಿಸಿದ ನೀರು 2018ರಿಂದ ಕೋಲಾರದ ಒಣಗಿದ ಕೆರೆಗಳಿಗೆ ಹರಿಯಿತು. ಬತ್ತಿದ ಬಾವಿಗಳಿಗೆ ನೀರು ಬಂದ ಸಂತೋಷದ ಜೊತೆಗೆ, ಸಂಸ್ಕರಣೆ ಸಾಕಷ್ಟು ಆಗಿದೆಯೆ ಎಂಬ ವಾದವೂ ಹುಟ್ಟಿತು. ಆ ವಾದ ಹುಟ್ಟಿದ್ದೇ ಒಳ್ಳೆಯದು. ಕೆಳಗಿನವರು ಪ್ರಶ್ನೆ ಕೇಳಿದಾಗ ಮೇಲಿನವರ ಘಟಕ ಸರಿಯಾಗಿ ನಡೆಯುತ್ತದೆ.

ನೀರು ತಿಳಿಯಾಯಿತೆಂದು ಕಣ್ಣಿನಿಂದ ಹೇಳಲಾಗದು. ಕೊಳೆಯನ್ನು ಕರಗಿಸಲು ನೀರಿನಲ್ಲಿರುವ ಜೀವಿಗಳಿಗೆ ಎಷ್ಟು ಆಮ್ಲಜನಕ ಬೇಕಾಗುತ್ತದೆ ಎಂಬುದು ಒಂದು ಅಳತೆ. ಸ್ನಾನಕ್ಕೆ ಯೋಗ್ಯವಾದ ನದಿಯಲ್ಲಿ ಅದು ಲೀಟರಿಗೆ 3 ಮಿಲಿಗ್ರಾಂ ಮೀರಬಾರದು; ನೀರಿನಲ್ಲಿ ಕರಗಿರುವ ಆಮ್ಲಜನಕ 5 ಮಿಲಿಗ್ರಾಮಿಗಿಂತ ಕಡಿಮೆಯಾಗಬಾರದು; ಮಲದಿಂದ ಬರುವ ಸೂಕ್ಷ್ಮಜೀವಿಗಳು 100 ಮಿಲಿಲೀಟರಿಗೆ 2,500ರ ಒಳಗಿರಬೇಕು. ಜಲಮಾಲಿನ್ಯ ತಡೆಯುವ ಕಾಯಿದೆ ನಮ್ಮ ದೇಶದಲ್ಲಿ 1974ರಿಂದ ಇದೆ. ಅಳತೆಯುಂಟು, ಕಾಯಿದೆಯುಂಟು. ಒಂದೊಂದು ಹಳ್ಳದ ಬಾಯಲ್ಲಿ, ಮುಖ್ಯವಾಗಿ ಮೊದಲ ಮಳೆಯ ಮರುದಿನ, ನೀರನ್ನು ಅಳೆದು ಆ ಅಂಕಿಗಳನ್ನು ಆಯಾ ಓಣಿಯ ಜನಕ್ಕೆ ಕಾಣುವಂತೆ ಬರೆದು ಹಾಕುವ ಪದ್ಧತಿಯೊಂದು ಬಂದರೆ ಎಷ್ಟು ಚೆನ್ನ! ದಿನಸಿಯ ಧಾರಣೆಯನ್ನು ನಿತ್ಯ ಓದುವವರು ನೀರಿನ ಧಾರಣೆಯನ್ನೂ ಓದಿಯಾರು.

ಕೊನೆಯದಾಗಿ ನೆರೆಹೊರೆಯ ಮಾತು. ಮಹಾರಾಷ್ಟ್ರದ ಬಾಲಾಘಾಟ ಬೆಟ್ಟಗಳಲ್ಲಿ ಹುಟ್ಟುವ ಮಾಂಜ್ರಾ ನದಿ ನಮ್ಮ ಜಿಲ್ಲೆಯನ್ನು ಹಾದು, ಕಾರಂಜಾವನ್ನು ಕೂಡಿಸಿಕೊಂಡು, ತೆಲಂಗಾಣಕ್ಕೆ ಹೋಗುತ್ತದೆ. ಅಲ್ಲಿ ಸಿಂಗೂರು ಜಲಾಶಯ. ಹೈದರಾಬಾದಿಗೆ ನೀರು ಕೊಡುವ ಮೂಲಗಳಲ್ಲಿ ಅದೂ ಒಂದು. ಮೇಲಿನವರು ಬಿಟ್ಟುದನ್ನು ನಾವು ಕುಡಿಯುತ್ತೇವೆ. ನಾವು ಬಿಟ್ಟುದನ್ನು ಕೆಳಗಿನವರು ಕುಡಿಯುತ್ತಾರೆ. ಮೂರು ರಾಜ್ಯಗಳು ನೀರಿನ ಪಾಲಿಗಾಗಿ ಲೆಕ್ಕ ಇಡುತ್ತವೆ. ಕೊಳೆಯ ಪಾಲಿಗೆ ಲೆಕ್ಕ ಇಡುವವರು ವಿರಳ. ಜಲಾನಯನದ ದೃಷ್ಟಿಯೆಂದರೆ ಕಡೆಗೆ ಇಷ್ಟೇ: ಇಳಿಜಾರಿನಲ್ಲಿ ನಮ್ಮಿಂದ ಕೆಳಗಿರುವವರನ್ನು ನೆನಪಿನಲ್ಲಿಟ್ಟುಕೊಂಡು ಬದುಕುವುದು.

ಮುಂದಿನ ಮುಂಗಾರು ಬರುವುದಕ್ಕೆ ಮುಂಚೆ ಕೇಳುಗರು ಮೂರು ಸಂಗತಿಗಳನ್ನು ಪತ್ತೆಹಚ್ಚಿಕೊಂಡರೆ ನನ್ನ ಈ ಮಾತು ಸಾರ್ಥಕ. ನಮ್ಮ ಮಾಳಿಗೆಯ ನೀರು ಯಾವ ಕೊಳವೆಗೆ ಇಳಿಯುತ್ತದೆ? ನಮ್ಮ ಬಚ್ಚಲ ನೀರು ಯಾವ ಹಳ್ಳಕ್ಕೆ ಹೋಗುತ್ತದೆ? ಆ ಹಳ್ಳದ ದಂಡೆಯಲ್ಲಿ ಕೊಡ ಹಿಡಿದು ನಿಲ್ಲುವವರು ಯಾರು? ಮೊದಲ ಎರಡಕ್ಕೆ ಉತ್ತರ ಹೇಳಲು ಪ್ಲಂಬರನೋ ಪೌರಸಭೆಯ ಇಂಜಿನಿಯರನೋ ಸಾಕು. ಮೂರನೆಯದಕ್ಕೆ ಉತ್ತರ ಬೇಕಿದ್ದರೆ ನಾವೇ ಒಂದು ದಿನ ಆ ಹಳ್ಳದ ಗುಂಟ ಇಳಿದು ಹೋಗಿ ನೋಡಬೇಕು.